ಅಂಗಡಿಗೆ ಹೋಗುವ ಮುಂಚೆ ಒಳಪಾತ್ರೆ ಅಳೆಯಿರಿ: ಮನೆಗೆ ಕುಕ್ಕರ್ ಆರಿಸುವ ಕ್ರಮ

ಪಾತ್ರೆ ಅಂಗಡಿಯಲ್ಲಿ ಕುಕ್ಕರ್ ಕೇಳಿದರೆ ಮೊದಲು ಬರುವ ಪ್ರಶ್ನೆ "ಎಷ್ಟು ಲೀಟರ್?". "ಮನೇಲಿ ನಾಲ್ಕು ಜನ ಇದೀವಿ" ಎಂದರೆ ಐದು ಲೀಟರಿನದೊಂದು ಮೇಜಿನ ಮೇಲೆ ಬರುತ್ತದೆ, ಅಲ್ಲಿಗೆ ವ್ಯಾಪಾರ ಮುಗಿಯುತ್ತದೆ. ತೊಂದರೆ ಗೊತ್ತಾಗುವುದು ಮನೆಗೆ ತಂದ ಮೇಲೆ. ದಿನಾ ಅನ್ನಕ್ಕಿಡುವ ಪಾತ್ರೆ ಕುಕ್ಕರಿನ ಬಾಯಲ್ಲಿ ಇಳಿಯುವುದೇ ಇಲ್ಲ. ಇಳಿದರೂ ಅದರ ಮೇಲೆ ಇನ್ನೊಂದು ಪಾತ್ರೆ ಇಟ್ಟರೆ ಮುಚ್ಚಳ ಕೂರುವುದಿಲ್ಲ.

ನಮ್ಮಲ್ಲಿ "ಕುಕ್ಕರ್ ಇಡುವುದು" ಎಂದರೆ ಅದರದೇ ಒಂದು ಅರ್ಥವಿದೆ. ತಳದಲ್ಲಿ ಎರಡು ಲೋಟ ನೀರು, ಅದರೊಳಗೊಂದು ತೂತಿನ ತಟ್ಟೆ, ತಟ್ಟೆಯ ಮೇಲೆ ಬೇಳೆ, ಬೇಳೆಯ ಮೇಲೆ ಅನ್ನ, ಜಾಗವಿದ್ದರೆ ಮೇಲೊಂದು ಬಟ್ಟಲಲ್ಲಿ ಹುರುಳಿಕಾಯಿಯೋ ಆಲೂಗಡ್ಡೆಯೋ. ಒಂದೇ ಉರಿಯಲ್ಲಿ ಅರ್ಧ ಅಡುಗೆ ಮುಗಿಯಬೇಕು. ಕಂಪನಿಗಳ ಲೀಟರ್ ಲೆಕ್ಕಕ್ಕೆ ಈ ಬಳಕೆ ಗೊತ್ತಿಲ್ಲ. ಹಾಗಾಗಿ ಬೆಲೆ, ಬಣ್ಣ, ಹೊಳಪು ನೋಡುವ ಮೊದಲು ಒಳಗೆ ಏನಿಡುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಉಳಿದ ಆಯ್ಕೆಗಳಲ್ಲಿ ಅರ್ಧಕ್ಕರ್ಧ ಅದರಿಂದಲೇ ಇತ್ಯರ್ಥವಾಗುತ್ತವೆ.

ಮೊದಲ ಹೆಜ್ಜೆ: ಒಳಪಾತ್ರೆಯ ಲೆಕ್ಕ

200 ಮಿ.ಲೀ. ಲೋಟದಲ್ಲಿ ಅಳೆಯೋಣ. ನಾಲ್ಕು ಜನರ ಒಂದು ಹೊತ್ತಿಗೆ ಎರಡು ಲೋಟ ಸೋನಾ ಮಸೂರಿ, ಹಳೆ ಅಕ್ಕಿಯಾದರೆ ಐದು ಲೋಟ ನೀರು. ಅಕ್ಕಿ ನೀರು ಎರಡೂ ಸೇರಿ ಸುಮಾರು 1¼ ಲೀಟರ್. ಕುದಿಯುವಾಗ ಗಂಜಿ ಮೇಲೆದ್ದು ಚೆಲ್ಲಬಾರದು ಎಂದರೆ ಪಾತ್ರೆ ಅಂಚಿನವರೆಗೆ 1¾ರಿಂದ 2 ಲೀಟರ್ ಹಿಡಿಯಬೇಕು. ಒಂದು ಲೋಟ ತೊಗರಿಬೇಳೆಗೆ ಎರಡೂವರೆ ಲೋಟ ನೀರು ಹಾಕಿದರೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ. ಬೇಳೆ ನೊರೆ ಏಳುವ ಪದಾರ್ಥ, ಅದಕ್ಕೆ 1¼ ಲೀಟರಿನ ಪಾತ್ರೆ ಬೇಕು. ನಿಮ್ಮ ಪಾತ್ರೆ ಎಷ್ಟು ಹಿಡಿಯುತ್ತದೆ ಎಂಬ ಅನುಮಾನವಿದ್ದರೆ ಒಂದು ಲೀಟರಿನ ನೀರಿನ ಬಾಟಲಿಯಿಂದ ತುಂಬಿಸಿ ನೋಡಿ.

ಈಗ ಎರಡೂ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿ, ಟೇಪು ಹಿಡಿದು ಎರಡು ಅಳತೆ ಬರೆದುಕೊಳ್ಳಿ: ಒಟ್ಟು ಎತ್ತರ ಮತ್ತು ಅತಿ ಅಗಲವಾದ ಕಡೆಯ ಅಗಲ. ಅಗಲ ಅಳೆಯುವಾಗ ಪಾತ್ರೆಯ ಮಡಿಸಿದ ಅಂಚನ್ನೂ ಸೇರಿಸಬೇಕು. ಬಾಯಲ್ಲಿ ಸಿಕ್ಕಿಕೊಳ್ಳುವುದು ಅದೇ. ಎತ್ತರಕ್ಕೆ ತೂತಿನ ತಟ್ಟೆಯ 2 ಸೆಂ.ಮೀ. ಮತ್ತು ಮೇಲಿನ ಪಾತ್ರೆಗೂ ಮುಚ್ಚಳಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಸೇರಿಸಿ. ಅಗಲದಲ್ಲಿ ಸುತ್ತಲೂ ಒಂದು ಬೆರಳು ಆಡುವಷ್ಟು ಸಂದು ಇರಲಿ. ಆವಿ ಮೇಲಕ್ಕೆ ಹತ್ತುವುದು ಆ ಸಂದಿನಲ್ಲಿ. ಪಾತ್ರೆ ಒತ್ತಿಕೊಂಡು ಕೂತರೆ ತಳದ ಬೇಳೆ ಬೆಂದು ಮೇಲಿನ ಅನ್ನ ನಡುವೆ ಗಟ್ಟಿಯಾಗಿ ಉಳಿಯುತ್ತದೆ. ಬಿಸಿ ಪಾತ್ರೆಯನ್ನು ಇಕ್ಕಳದಿಂದ ಎತ್ತುವುದಕ್ಕೂ ಅದೇ ಸಂದು ಬೇಕು.

ಎಷ್ಟು ಲೀಟರ್?

ಕುಕ್ಕರಿನ ಮೇಲೆ ಬರೆದಿರುವ ಲೀಟರ್ ಎಂದರೆ ಅದು ಪೂರ್ತಿ ತುಂಬಿದಾಗ ಹಿಡಿಯುವ ಅಳತೆ, ಬೇಯಿಸಬಹುದಾದ ಅಳತೆಯಲ್ಲ. ನೇರವಾಗಿ ಕುಕ್ಕರಿನೊಳಗೆ ಬೇಯಿಸುವಾಗ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಅಕ್ಕಿ, ಬೇಳೆ, ಕಾಳುಗಳಂಥ ಉಬ್ಬುವ, ನೊರೆ ಬರುವ ಪದಾರ್ಥವಾದರೆ ಅರ್ಧಕ್ಕೆ ನಿಲ್ಲಿಸಬೇಕು. ಐದು ಲೀಟರಿನ ಕುಕ್ಕರಿನಲ್ಲಿ ತರಕಾರಿ, ಮಾಂಸದ ಸಾರು ಸುಮಾರು 3.3 ಲೀಟರ್‌ವರೆಗೆ, ಬಿಸಿಬೇಳೆ ಬಾತ್ 2.5 ಲೀಟರ್‌ವರೆಗೆ. ಒಂದು ಲೋಟ ಅಕ್ಕಿ, ಒಂದು ಲೋಟ ತೊಗರಿಬೇಳೆ, ಆರು ಲೋಟ ನೀರು, ಎರಡು ಲೋಟ ಹೆಚ್ಚಿದ ತರಕಾರಿ ಸೇರಿದರೆ ಸುಮಾರು 1¾ ಲೀಟರ್ ಆಗುತ್ತದೆ. ಇದು ಐದು ಲೀಟರಿನದರಲ್ಲಿ ನಿರಾಳವಾಗಿ ಬೇಯುತ್ತದೆ. ಮೂರು ಲೀಟರಿನದರ ಅರ್ಧ 1.5 ಲೀಟರ್. ಅದರಲ್ಲಿ ಇಷ್ಟನ್ನೇ ತುಂಬಿದರೆ ಮೂರನೇ ಕೂಗಿಗೆ ಒಲೆಯೆಲ್ಲ ಹಳದಿ.

ಒಬ್ಬರು ಇಬ್ಬರಿಗೆ 3 ಲೀಟರ್ ಸಾಕು, ಆದರೆ ಅದರಲ್ಲಿ ಎರಡು ಪಾತ್ರೆ ಪೇರಿಸುವ ಆಸೆ ಬೇಡ. ಮೂರು ನಾಲ್ಕು ಜನಕ್ಕೆ 5 ಲೀಟರ್, ಅದೂ ಎತ್ತರದ್ದು. ಐದಾರು ಜನರಿದ್ದು ಮೂರು ಪಾತ್ರೆ ಇಡುವವರಿಗೆ 6.5 ಅಥವಾ 7.5. ಹಬ್ಬಕ್ಕೆ ನೆಂಟರು ಬರುತ್ತಾರೆಂದು 10 ಲೀಟರಿನದನ್ನು ದಿನಬಳಕೆಗೆ ತರುವುದು ತಪ್ಪು. ಅಷ್ಟು ಲೋಹ ಕಾಯುವುದಕ್ಕೆ, ಅಷ್ಟು ಜಾಗದಲ್ಲಿ ಆವಿ ತುಂಬುವುದಕ್ಕೆ ದಿನಾ ಗ್ಯಾಸು ಸುಡುತ್ತದೆ, ಸಿಂಕಿನಲ್ಲಿ ಅದನ್ನು ತಿರುಗಿಸಿ ತೊಳೆಯಲೂ ಆಗುವುದಿಲ್ಲ. ಒಂದೇ ದೊಡ್ಡದರ ಬದಲು 5 ಮತ್ತು 2 ಲೀಟರಿನ ಜೋಡಿ ಇಟ್ಟುಕೊಂಡರೆ ನಾಲ್ಕು ಜನರ ಮನೆಗೆ ಹೆಚ್ಚು ಉಪಯೋಗ. ಬೇಳೆ ಅನ್ನ ಒಂದರಲ್ಲಿ, ಮೊಳಕೆಕಾಳು ಅಥವಾ ಮಗುವಿನ ಊಟ ಇನ್ನೊಂದರಲ್ಲಿ. ಎರಡೂ ಒಂದೇ ಕಂಪನಿಯದ್ದಾಗಿದ್ದರೂ ಗ್ಯಾಸ್ಕೆಟ್ ಒಂದೇ ಅಳತೆ ಇರುತ್ತದೆಂದು ನಂಬಬೇಡಿ, ಕೇಳಿ ತಿಳಿದುಕೊಳ್ಳಿ.

ಆಕಾರದ ಮಾತು ಬಂದಾಗ, ನೆಟ್ಟಗಿನ ಎತ್ತರದ ಕುಕ್ಕರು ಪಾತ್ರೆ ಪೇರಿಸುವವರಿಗೆ. ಅಗಲವಾದ ಪ್ರೆಶರ್ ಪ್ಯಾನ್ ಮತ್ತು ಹೊಟ್ಟೆ ಉಬ್ಬಿದ ಹಂಡಿ ಆಕಾರದವು ನೇರವಾಗಿ ಒಗ್ಗರಣೆ ಹಾಕಿ ಪಲಾವ್, ಕೂರ್ಮ, ಕೋಳಿ ಸಾರು ಮಾಡುವವರಿಗೆ. ಸೌಟು ಆಡಿಸಲು ಅವು ಸಲೀಸು, ಪೇರಿಸಲು ನಿರುಪಯೋಗಿ. ಅಂಗಡಿಯ ಕಪಾಟಿನಲ್ಲಿ ಹಂಡಿಯೇ ಚೆಂದ ಕಾಣುತ್ತದೆ ಎಂಬುದು ನಿಜ.

ಒಳಮುಚ್ಚಳವೋ ಹೊರಮುಚ್ಚಳವೋ

ಹಾಕಿನ್ಸ್ ಎಂದರೆ ಒಳಮುಚ್ಚಳ, ಪ್ರೆಸ್ಟೀಜ್ ಎಂದರೆ ಹೊರಮುಚ್ಚಳ ಎಂಬ ಮಾತು ಹಳೆಯದಾಯಿತು. ಈಗ ಒಂದೇ ಕಂಪನಿಯಲ್ಲಿ ಎರಡೂ ಬಗೆ ಸಿಗುವುದುಂಟು. ಹಾಗಾಗಿ ಹೆಸರು ನೋಡಿ ತೀರ್ಮಾನಿಸಬೇಡಿ, ಮುಚ್ಚಳ ಹೇಗೆ ಕೂರುತ್ತದೆ ಎಂದು ನೋಡಿ.

ಹೊರಮುಚ್ಚಳದ್ದು ಕುಕ್ಕರಿನ ಅಂಚಿನ ಮೇಲೆ ಕೂತು, ಹಿಡಿಗೆ ಹಿಡಿ ಸೇರುವವರೆಗೆ ತಿರುಗಿ ಬಿಗಿಯಾಗುತ್ತದೆ. ಒಳಗಿನ ಆವಿ ಮುಚ್ಚಳವನ್ನು ಮೇಲಕ್ಕೆ ನೂಕುತ್ತಿರುತ್ತದೆ, ಅಂಚಿನ ಕಚ್ಚುಗಳು ಅದನ್ನು ಹಿಡಿದಿಡುತ್ತವೆ. ಬಾಯಿ ಪೂರ್ತಿ ಅಗಲ, ಪಾತ್ರೆ ಇಳಿಸಲು ಎತ್ತಲು ಸುಲಭ, ತೊಳೆಯಲೂ ಸುಲಭ. ಇದರ ದೊಡ್ಡ ದೋಷ ಮನುಷ್ಯರ ಅವಸರ. ಒಳಗೆ ಸ್ವಲ್ಪ ಆವಿ ಉಳಿದಿದ್ದರೂ ಬಲ ಹಾಕಿ ತಿರುಗಿಸಿದರೆ ಕೆಲವು ಕುಕ್ಕರುಗಳು ಬಿಟ್ಟುಕೊಡುತ್ತವೆ, ಆಗ ಮುಚ್ಚಳ ಹಾರುತ್ತದೆ, ಬಿಸಿ ಬೇಳೆ ಮುಖಕ್ಕೆ ಚಿಮ್ಮುತ್ತದೆ. ಆವಿ ಇರುವವರೆಗೆ ಹಿಡಿ ತಿರುಗದಂತೆ ತಡೆಯುವ ಪಿನ್ನು ಅಥವಾ ಸೂಚಕ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ಒಳಮುಚ್ಚಳದ್ದನ್ನು ಓರೆ ಮಾಡಿ ಬಾಯೊಳಗೆ ಇಳಿಸಿ, ಮೇಲಕ್ಕೆ ಎಳೆದು, ಅದರ ಉದ್ದ ಹಿಡಿಯನ್ನು ಕೆಳಗಿನ ಹಿಡಿಗೆ ಕೊಕ್ಕೆ ಹಾಕಬೇಕು. ಆವಿ ಹೆಚ್ಚಿದಷ್ಟೂ ಮುಚ್ಚಳ ಒಳಗಿನಿಂದ ಅಂಚಿಗೆ ಒತ್ತಿಕೊಳ್ಳುತ್ತದೆ. ಒಳಗಿನ ಒತ್ತಡ ಇಳಿಯದೆ ಅದು ಕೆಳಗೆ ಬೀಳುವುದಿಲ್ಲ, ಎಷ್ಟೇ ಅವಸರ ಮಾಡಿದರೂ ತೆಗೆಯಲಾಗುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಇದು ಮೇಲು. ಆದರೆ ಬಾಯಿ ಹೊಟ್ಟೆಗಿಂತ ಕಿರಿದು, ಆದ್ದರಿಂದ ನೀವು ಬರೆದುಕೊಂಡ ಅಗಲದ ಅಳತೆ ಇಲ್ಲಿ ಬಾಯಿಗೆ ತಾಳೆಯಾಗಬೇಕು. ಮುಚ್ಚಳ ಒಳಕ್ಕೆ ಇಳಿದು ತಿರುಗುವುದರಿಂದ ಎರಡು ಬೆರಳಿನ ಜಾಗ ಸಾಲದು, ಮೂರು ಬೇಕು. ಮಣಿಕಟ್ಟಿನಲ್ಲಿ ಬಲ ಕಡಿಮೆಯಿರುವ ಹಿರಿಯರು ಅಡುಗೆ ಮಾಡುವ ಮನೆಯಲ್ಲಿ ಅವರೇ ಅಂಗಡಿಗೆ ಬಂದು ಮೂರು ಸಲ ಮುಚ್ಚಿ ತೆಗೆದು ನೋಡಲಿ. ಬೇರೆಯವರು ಅವರ ಪರವಾಗಿ ಆರಿಸಬಾರದು.

ನಮ್ಮ ಅಭಿಪ್ರಾಯ ಕೇಳಿದರೆ: ದಿನಾ ಪಾತ್ರೆ ಪೇರಿಸುವ ಮನೆಗೆ ಆವಿ ತಡೆಯಿರುವ ಹೊರಮುಚ್ಚಳ. ನೇರವಾಗಿ ಕಾಳು, ಮಾಂಸ ಬೇಯಿಸುವ ಚಿಕ್ಕ ಕುಕ್ಕರಿಗೆ, ಹೊಸದಾಗಿ ಅಡುಗೆ ಕಲಿಯುತ್ತಿರುವವರಿಗೆ, ಪಿ.ಜಿ. ಬಿಟ್ಟು ಬಾಡಿಗೆ ಮನೆ ಹಿಡಿದ ಹುಡುಗ ಹುಡುಗಿಯರಿಗೆ ಒಳಮುಚ್ಚಳ.

ಹೊರಮುಚ್ಚಳದ ಎಷ್ಟೋ ಮಾದರಿಗಳಲ್ಲಿ ಮುಚ್ಚಳದ ಅಂಚಿನಲ್ಲೊಂದು ಕಿಂಡಿ ಇರುತ್ತದೆ. ಆವಿ ಹೊರಹೋಗುವ ದಾರಿ ಕಟ್ಟಿಕೊಂಡು ಒತ್ತಡ ಮಿತಿ ಮೀರಿದರೆ ಗ್ಯಾಸ್ಕೆಟ್ ಆ ಕಿಂಡಿಯಲ್ಲಿ ಉಬ್ಬಿ ಹೊರಬಂದು ಆವಿಗೆ ದಾರಿ ಕೊಡುತ್ತದೆ. ಒಲೆಯ ಮೇಲಿಡುವಾಗ ಆ ಕಿಂಡಿ ಗೋಡೆಯ ಕಡೆಗಿರಲಿ.

ಲೋಹ

ಅಲ್ಯೂಮಿನಿಯಂ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು ಹದಿನೈದು ಪಟ್ಟು ಚೆನ್ನಾಗಿ ಶಾಖ ಹರಡುತ್ತದೆ. ಹಗುರ, ಬೆಲೆಯೂ ಕಡಿಮೆ. ನೀರಿಟ್ಟು ಒಳಪಾತ್ರೆಯಲ್ಲಿ ಬೇಯಿಸುವವರಿಗೆ ಅದು ಧಾರಾಳವಾಗಿ ಸಾಕು, ಯಾಕೆಂದರೆ ಆಹಾರ ಲೋಹಕ್ಕೆ ತಗಲುವುದೇ ಇಲ್ಲ. ಹುಣಸೆಹುಳಿ, ಟೊಮ್ಯಾಟೊ ಹಾಕಿ ನೇರವಾಗಿ ಕುದಿಸುವವರು, ಸಾರನ್ನು ಕುಕ್ಕರಿನಲ್ಲೇ ರಾತ್ರಿಯಿಡೀ ಬಿಡುವವರು ಮಾತ್ರ ಸ್ಟೀಲಿಗೆ ಹೋಗಬೇಕು. ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಒಳಮೈಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ಸ್ಟೀಲಿನದರಲ್ಲಿ ತಳ ಮುಖ್ಯ. ಕೇವಲ ಸ್ಟೀಲಿನ ತಳ ಇದ್ದರೆ ಉರಿ ತಾಗುವ ಕಡೆ ತಳಹಿಡಿಯುತ್ತದೆ, ಹಾಗಾಗಿ ನಡುವೆ ಅಲ್ಯೂಮಿನಿಯಂ ಪದರ ಸೇರಿಸಿರುತ್ತಾರೆ. ತಳಕ್ಕೆ ಮಾತ್ರ ಪದರ ಇರುವುದು ಒಂದು ಬಗೆ, ಪೂರ್ತಿ ಮೈಯೇ ಮೂರು ಪದರದ್ದಾಗಿರುವ ಟ್ರೈಪ್ಲೈ ಇನ್ನೊಂದು ಬಗೆ. ಮೊದಲನೆಯದನ್ನು ದೊಡ್ಡ ಬರ್ನರ್ ಮೇಲೆ ಜೋರಾಗಿ ಇಟ್ಟರೆ ಉರಿ ತಳ ದಾಟಿ ಪಕ್ಕದ ತೆಳು ಸ್ಟೀಲಿಗೆ ನೆಕ್ಕುತ್ತದೆ, ತಳದ ಅಂಚಿಗೆ ಸರಿಯಾಗಿ ಉಂಗುರದಂತೆ ಮಸಾಲೆ ಹತ್ತಿಕೊಳ್ಳುತ್ತದೆ. ಟ್ರೈಪ್ಲೈ ದುಬಾರಿ, ತೂಕವೂ ಹೆಚ್ಚು. ಕಪ್ಪು ಬಣ್ಣದ ಹಾರ್ಡ್ ಆನೊಡೈಸ್ಡ್ ಎಂಬುದು ಮೇಲ್ಮೈ ಗಟ್ಟಿ ಮಾಡಿದ ಅಲ್ಯೂಮಿನಿಯಂ. ನೇರ ಅಡುಗೆಗೂ ಚೆನ್ನ, ಬೇಗ ಕಪ್ಪಾಗುವ ಗೋಳೂ ಇಲ್ಲ. ಪಾತ್ರೆ ತೊಳೆಯುವ ಯಂತ್ರ ಇರುವ ಮನೆಯವರು ಇದನ್ನೂ ಸಾದಾ ಅಲ್ಯೂಮಿನಿಯಂ ಅನ್ನೂ ಅದಕ್ಕೆ ಹಾಕಬಾರದು, ಅದರ ಕ್ಷಾರದ ಪುಡಿ ಎರಡನ್ನೂ ಹಾಳು ಮಾಡುತ್ತದೆ.

ಇಂಡಕ್ಷನ್ ಒಲೆ ಇದ್ದರೆ ಫ್ರಿಜ್ಜಿನ ಮೇಲಿನ ಅಯಸ್ಕಾಂತವೊಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಸರಿ. "ಸ್ಟೀಲಲ್ವಾ, ನಡೆಯುತ್ತೆ" ಎಂಬ ಮಾತು ಸಾಲದು, ಎಲ್ಲ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ.

ಒಲೆಯನ್ನೂ ನೆನಪಿಡಿ

ಎರಡು ಬರ್ನರಿನ ಒಲೆಯಲ್ಲಿ ಉದ್ದ ಹಿಡಿಯ ಕುಕ್ಕರ್ ಇಟ್ಟಾಗ ಹಿಡಿ ಪಕ್ಕದ ಬರ್ನರಿನ ಮೇಲೆ ಬರುತ್ತದೋ ನೋಡಿ. ಹಾಗಾದರೆ ಕೆಲವೇ ತಿಂಗಳಲ್ಲಿ ಹಿಡಿಯ ಬೇಕಲೈಟ್ ಸುಟ್ಟು ಬಿರುಕು ಬಿಡುತ್ತದೆ. ಎರಡು ಕಡೆಯೂ ಗಿಡ್ಡ ಹಿಡಿ ಇರುವ ಕುಕ್ಕರ್ ಚಿಕ್ಕ ಅಡುಗೆಮನೆಗೆ ಒಳ್ಳೆಯದು. 2 ಲೀಟರಿನ ಚಿಕ್ಕ ತಳ ದೊಡ್ಡ ಬರ್ನರಿನ ಕಾಲುಗಳ ಮೇಲೆ ಅಲ್ಲಾಡುತ್ತದೆ, ಅದನ್ನು ಚಿಕ್ಕ ಬರ್ನರಿಗೆ ಇಡಿ.

ಐಎಸ್‌ಐ ಗುರುತು: ಇಲ್ಲಿ ಚೌಕಾಸಿ ಇಲ್ಲ

ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್ 2347 ಎಂಬ ಭಾರತೀಯ ಮಾನಕ ಇದೆ. ಕೇಂದ್ರ ಸರ್ಕಾರದ 2020ರ ಗುಣಮಟ್ಟ ನಿಯಂತ್ರಣ ಆದೇಶ 2021ರ ಫೆಬ್ರುವರಿ 1ರಿಂದ ಜಾರಿಗೆ ಬಂದಿದ್ದು, ಐಎಸ್‌ಐ ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ. ಹಾಗಿದ್ದೂ ಮಾರಾಟವಾಗಿವೆ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ಕಾರಣಕ್ಕೆ ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಗೆ ದಂಡ ಹಾಕಿತು. ಗುರುತು ರಟ್ಟಿನ ಪೆಟ್ಟಿಗೆಯ ಮೇಲಿದ್ದರೆ ಸಾಲದು, ಕುಕ್ಕರಿನ ಮೇಲೂ ಇರಬೇಕು. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಪರವಾನಗಿ ಕೊಟ್ಟಿದ್ದಾರೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು, ಎರಡು ನಿಮಿಷದ ಕೆಲಸ.

ಅಂಗಡಿಯಲ್ಲಿ ಕೈಯಿಂದ ಮಾಡುವ ಪರೀಕ್ಷೆ

ಬೆಂಗಳೂರಿನ ಚಿಕ್ಕಪೇಟೆಯ ಸುತ್ತಲಿನ ಪಾತ್ರೆ ಅಂಗಡಿಗಾದರೂ ಹೋಗಿ, ಗಾಂಧಿ ಬಜಾರಿಗೋ ಮಲ್ಲೇಶ್ವರಕ್ಕೋ ಹೋಗಿ, ನಿಮ್ಮ ಎರಡು ಒಳಪಾತ್ರೆ ಚೀಲದಲ್ಲಿರಲಿ. ನಗುತ್ತಾರೇನೋ ಎಂಬ ಸಂಕೋಚ ಬೇಡ. ಪಾತ್ರೆ ವ್ಯಾಪಾರಿಗಳಿಗೆ ಇದು ಹೊಸದಲ್ಲ. ಶನಿವಾರ ಸಂಜೆಯ ನೂಕುನುಗ್ಗಲಿಗಿಂತ ವಾರದ ದಿನ ಬೆಳಗ್ಗೆ ಹೋದರೆ ನಾಲ್ಕು ಮಾದರಿ ತೆಗೆದು ತೋರಿಸುವ ತಾಳ್ಮೆ ಅವರಲ್ಲೂ ಇರುತ್ತದೆ.

ತಟ್ಟೆ, ಪಾತ್ರೆ, ಪಾತ್ರೆ ಎಲ್ಲ ಒಳಗಿಟ್ಟು ಮುಚ್ಚಳ ಹಾಕಿ ನೋಡಿ. ನಂತರ ಖಾಲಿ ಕುಕ್ಕರನ್ನು ಗಾಜಿನ ಮೇಜಿನ ಮೇಲಿಟ್ಟು ಅಂಚನ್ನು ಒಂದೊಂದು ಕಡೆ ಒತ್ತಿ. ಅಲ್ಲಾಡಿದರೆ ತಳ ಸಮವಿಲ್ಲ, ಇಂಡಕ್ಷನ್ನಿಗೆ ಅದು ಕೆಲಸಕ್ಕೆ ಬಾರದು. ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು ಆವಿಯ ನಳಿಗೆಯಲ್ಲಿ ಕಣ್ಣಿಟ್ಟು ನೋಡಿ, ಆ ಕಡೆಯ ಬೆಳಕು ದುಂಡಗೆ ಕಾಣಬೇಕು. ವೆಯ್ಟ್ ನಳಿಗೆಯ ಮೇಲೆ ಕೂತ ಮೇಲೆ ಸಡಿಲವಾಗಿ ಅಲ್ಲಾಡಬೇಕು, ಕಚ್ಚಿ ಹಿಡಿಯಬಾರದು. ಹಿಡಿಗಳ ಸ್ಕ್ರೂ ಬಿಗಿಯಾಗಿವೆಯೇ, ಸೇಫ್ಟಿ ವಾಲ್ವ್ ನೆಟ್ಟಗೆ ಕೂತಿದೆಯೇ, ಗ್ಯಾಸ್ಕೆಟ್ ಬಗ್ಗಿಸಿದರೆ ಬಿರುಕು ಕಾಣದೆ ಮೆತ್ತಗಿದೆಯೇ ಎಂದು ನೋಡಿ. ಕೊನೆಗೆ ಒಂದು ಪ್ರಶ್ನೆ: "ಇದರ ಗ್ಯಾಸ್ಕೆಟ್, ವಾಲ್ವ್ ನಿಮ್ಮಲ್ಲೇ ಸಿಗುತ್ತಾ? ಈಗ ಒಂದು ಕೊಡಿ." ಆಗಲೇ ಇಲ್ಲ ಎನ್ನುವ ಅಂಗಡಿಯಲ್ಲಿ ಒಂದು ವರ್ಷದ ಮೇಲೆ ಸಿಗುವುದು ಕಷ್ಟ. ವಾರಂಟಿ ಕಾರ್ಡಿಗೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ರಬ್ಬರ್ ಮತ್ತು ವಾಲ್ವ್ ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ.

ಮನೆಯಲ್ಲಿ ಮೊದಲ ದಿನ: ಬರೀ ನೀರಿನ ಓಟ

1. ಎಲ್ಲ ಬಿಡಿಭಾಗ ಸೋಪಿನ ನೀರಲ್ಲಿ ತೊಳೆಯಿರಿ. 5 ಲೀಟರಿನದಕ್ಕೆ ಎರಡೂವರೆ ಲೋಟ ನೀರು ಹಾಕಿ, ಕಾಲು ಹೋಳು ನಿಂಬೆ ಸಿಪ್ಪೆಯೋ ಕಿವುಚಿ ಉಳಿದ ಹುಣಸೆಯೋ ಸೇರಿಸಿ. ಅಲ್ಯೂಮಿನಿಯಂ ಒಳಮೈ ಕಪ್ಪಾಗದಿರಲು ಇದೇ ಉಪಾಯ, ದಿನನಿತ್ಯಕ್ಕೂ.
2. ವೆಯ್ಟ್ ಹಾಕದೆ ಮುಚ್ಚಿ ಜೋರು ಉರಿಯಲ್ಲಿಡಿ. ಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಸಮನೆ ನಳಿಗೆಯಿಂದ ಆವಿ ಬರುತ್ತದೆ. ಒಂದೇ ಸಮನಾದ ಮೇಲೆ ವೆಯ್ಟ್ ಇಡಿ. ಒಳಗಿನ ಗಾಳಿ ಹೊರಹೋಗಲಿ ಎಂದು ಹೀಗೆ. ಗಾಳಿ ಉಳಿದಿದ್ದರೆ ಒತ್ತಡ ಅಷ್ಟೇ ಇದ್ದರೂ ಶಾಖ ಕಡಿಮೆಯಾಗುತ್ತದೆ.
3. ಎರಡು ಕೂಗು ಕೂಗಿಸಿ, ಉರಿ ಸಣ್ಣ ಮಾಡಿ. ಒಂದು ತಣ್ಣನೆಯ ಸ್ಟೀಲ್ ತಟ್ಟೆಯನ್ನು ಮುಚ್ಚಳದ ಅಂಚಿನ ಸುತ್ತ ಹಿಡಿದು ಸರಿಸುತ್ತ ಹೋಗಿ. ತಟ್ಟೆ ಮಬ್ಬಾದ ಕಡೆ ಆವಿ ಸೋರುತ್ತಿದೆ. ಕೈ ಹಿಡಿದು ನೋಡಬೇಡಿ.
4. ಆರಿಸಿ, 10 ನಿಮಿಷ ಬಿಟ್ಟು, ವೆಯ್ಟ್ ತುಸು ಎತ್ತಿ ಸದ್ದಿಲ್ಲ ಎಂದು ಖಾತ್ರಿಯಾದ ಮೇಲೆ ತೆಗೆಯಿರಿ. ಉಳಿದ ನೀರು ಅಳೆಯಿರಿ. ಹಾಕಿದ್ದರಲ್ಲಿ ಬಹುಪಾಲು ಹಾಗೇ ಇರಬೇಕು. ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಎಲ್ಲೋ ಸೋರುತ್ತಿದೆ, ಬಿಲ್ಲು ಹಿಡಿದು ಅಂಗಡಿಗೆ ಹೋಗಿ.

ಮೂರು ಕೂಗು ಎಂಬುದು ಅಳತೆಯಲ್ಲ

"ಬೇಳೆಗೆ ನಾಲ್ಕು, ಅನ್ನಕ್ಕೆ ಮೂರು" ಎಂಬ ಲೆಕ್ಕ ಹಳೆ ಕುಕ್ಕರಿನದು. ಹೊಸ ಕುಕ್ಕರಿಗೆ ಅದು ಹೊಂದಬೇಕೆಂದೇನೂ ಇಲ್ಲ. ಕೂಗು ಎಷ್ಟು ಬೇಗ ಬರುತ್ತದೆ ಎಂಬುದು ಉರಿ, ಒಳಗಿರುವ ಪದಾರ್ಥ, ಖಾಲಿ ಜಾಗ ಎಲ್ಲವನ್ನೂ ಅವಲಂಬಿಸಿದೆ. 2 ಲೀಟರಿನದು ಜೋರು ಉರಿಯಲ್ಲಿ ನಿಮಿಷಕ್ಕೊಂದು ಕೂಗಬಹುದು, 7.5 ಲೀಟರಿನದು ಗಂಭೀರವಾಗಿ ಕೂತು ತನಗೆ ಬೇಕಾದಾಗ ಕೂಗುತ್ತದೆ. ಬೇಯಿಸುವುದು ಶಾಖ ಮತ್ತು ಸಮಯ, ಸದ್ದಲ್ಲ. ಮೊದಲ ಕೂಗಿನ ತನಕ ಜೋರು ಉರಿ, ಆಮೇಲೆ ಸಣ್ಣ ಉರಿ, ಅಲ್ಲಿಂದ ಗಡಿಯಾರ. ಅರ್ಧ ಗಂಟೆ ನೆನೆಸಿದ ತೊಗರಿಬೇಳೆಗೆ 8ರಿಂದ 10 ನಿಮಿಷ. ಒಳಪಾತ್ರೆಯ ಸೋನಾ ಮಸೂರಿಗೆ 5ರಿಂದ 6, ಬೇಳೆ ಜೊತೆಗಿದ್ದರೆ ಅದರಷ್ಟೇ ಬಿಟ್ಟರೂ ತುಸು ಮೆತ್ತಗಾಗುತ್ತದೆ ಅಷ್ಟೆ. ರಾತ್ರಿ ನೆನೆಸಿದ ಕಡಲೆ, ಹುರುಳಿಕಾಳಿಗೆ 15ರಿಂದ 20. ಇಡೀ ಬೀಟ್‌ರೂಟಿಗೆ 15. ಕುರಿ ಮಾಂಸಕ್ಕೆ 15ರಿಂದ 20, ನಾಟಿಯ ವಯಸ್ಸಾದ ಕೋಳಿಗೆ ಅದಕ್ಕಿಂತಲೂ ಹೆಚ್ಚು. ಹಸಿ ಅವರೆಕಾಳಿನ ಕಾಲದಲ್ಲಿ ಮಾತ್ರ ಕುಕ್ಕರಿನ ಹತ್ತಿರ ಹುಷಾರಾಗಿರಿ, ಒಂದು ಕೂಗು ಹೆಚ್ಚಾದರೂ ಕಾಳು ಒಡೆದು ಸಾರಿನಲ್ಲಿ ಕರಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಕುಕ್ಕರ್ ಹೊರಗಿನ ಗಾಳಿಯ ಒತ್ತಡದ ಮೇಲೆ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ.ಯಷ್ಟು ಒತ್ತಡ ಸೇರಿಸುತ್ತದೆ. ಕರಾವಳಿಯಲ್ಲಿ ಒಳಗಿನ ಶಾಖ 120 ಡಿಗ್ರಿಯಾದರೆ ಇಲ್ಲಿ 118ರ ಆಸುಪಾಸು. ಅಂದರೆ ತೆರೆದ ಪಾತ್ರೆಯಲ್ಲಿ ಇದ್ದ ಮೂರು ಡಿಗ್ರಿಯ ಅಂತರ ಕುಕ್ಕರಿನಲ್ಲಿ ಒಂದೂವರೆ ಎರಡಕ್ಕೆ ಇಳಿಯುತ್ತದೆ. ಉಡುಪಿ ಕಡೆಯ ಅಜ್ಜಿಯ ಲೆಕ್ಕಕ್ಕೆ ಇಲ್ಲಿ ಒಂದೆರಡು ನಿಮಿಷ ಸೇರಿಸಿಕೊಂಡರೆ ಸಾಕು.

ಬೇಳೆ ಬೇಯದಿದ್ದರೆ ಕುಕ್ಕರನ್ನು ದೂರುವ ಮೊದಲು

ಮನೆ ಬದಲಾಯಿಸಿದ ಮೇಲೆ "ಈ ಕುಕ್ಕರಲ್ಲಿ ಬೇಳೆ ಬೇಯ್ತಾನೇ ಇಲ್ಲ" ಎನ್ನುವವರು ಬಹಳ. ಬದಲಾಗಿರುವುದು ನೀರು. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಜೀವಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ನನ್ನು ಇನ್ನೂ ಗಟ್ಟಿ ಮಾಡುತ್ತವೆ. ಕಾವೇರಿ ನೀರಿನಲ್ಲಿ ಹಿಟ್ಟಾಗುತ್ತಿದ್ದ ಬೇಳೆ ಇಲ್ಲಿ ಕಾಳು ಕಾಳಾಗಿಯೇ ಉಳಿಯುತ್ತದೆ. ಪರೀಕ್ಷೆ ಸುಲಭ. ಎರಡು ಚಿಕ್ಕ ಬಟ್ಟಲಲ್ಲಿ ಒಂದೊಂದು ಹಿಡಿ ಅದೇ ಬೇಳೆ, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು, ಒಂದೇ ಕುಕ್ಕರಿನಲ್ಲಿ ಒಟ್ಟಿಗೆ ಇಡಿ. ಫಿಲ್ಟರಿನದು ಮಾತ್ರ ಬೆಂದಿದ್ದರೆ ಇನ್ನು ಮುಂದೆ ಬೇಳೆಗೆ ಆ ನೀರನ್ನೇ ಹಾಕಿ. ತಳಕ್ಕೆ ಗಡಸು ನೀರೇ ಇರಲಿ, ಅದರಿಂದ ಒಳಮೈಗೆ ಬಿಳಿ ಪೊರೆ ಕಟ್ಟುತ್ತದೆಯೇ ಹೊರತು ಅಡುಗೆಗೆ ತೊಂದರೆಯಿಲ್ಲ. ಎರಡೂ ಬೇಯದಿದ್ದರೆ ಬೇಳೆ ಹಳೆಯದು. ಹುಣಸೆಹುಳಿ, ಟೊಮ್ಯಾಟೊ ಬೇಳೆ ಬೆಂದ ಮೇಲೆ ಸೇರಿಸಬೇಕೆಂಬುದು ನಿಮಗೆ ಗೊತ್ತೇ ಇದೆ.

ತೊಂದರೆ ಮತ್ತು ಕಾರಣ

ಕೂಗದೆ ಅಂಚಿನಲ್ಲಿ ಆವಿ ಹೋಗುತ್ತಿದ್ದರೆ ಗ್ಯಾಸ್ಕೆಟ್ ಸಡಿಲಾಗಿದೆ, ಅಥವಾ ಅದರ ಕೆಳಗೆ ಅನ್ನದ ಅಗುಳು ಸಿಕ್ಕಿದೆ. ಮೊದಲು ತೆಗೆದು ಒರೆಸಿ. ಐದು ನಿಮಿಷ ತಣ್ಣೀರಿನಲ್ಲಿ ಹಾಕಿದರೆ ಕುಗ್ಗಿ ಆ ಹೊತ್ತಿನ ಅಡುಗೆ ಆಗುತ್ತದೆ, ಆದರೆ ಅದು ಹೊಸದು ತರಬೇಕೆಂಬ ಸೂಚನೆ. ದಿನಬಳಕೆಯ ಗ್ಯಾಸ್ಕೆಟ್ಟನ್ನು ವರ್ಷಕ್ಕೊಮ್ಮೆ ಬದಲಾಯಿಸಿ. ಅಂಚಿನಲ್ಲೂ ಆವಿಯಿಲ್ಲ, ಕೂಗೂ ಇಲ್ಲ ಎಂದರೆ ತಕ್ಷಣ ಆರಿಸಿ. ನಳಿಗೆ ಕಟ್ಟಿಕೊಂಡಿರಬಹುದು, ಇಲ್ಲವೇ ನೀರು ಬತ್ತಿರಬಹುದು. ಪೂರ್ತಿ ತಣಿಯುವವರೆಗೆ ಮುಟ್ಟಬೇಡಿ.

ಕೂಗಿನ ಜೊತೆ ಹಳದಿ ನೀರು ಚಿಮ್ಮುವುದಕ್ಕೆ ಕಾರಣ ಮೂರು: ಹೆಚ್ಚು ತುಂಬಿರುವುದು, ಬೇಳೆ ಸರಿಯಾಗಿ ತೊಳೆಯದಿರುವುದು, ಮೊದಲ ಕೂಗಿನ ಮೇಲೂ ಉರಿ ಇಳಿಸದಿರುವುದು. ಅರ್ಧ ಚಮಚ ಎಣ್ಣೆ ನೊರೆಯನ್ನು ತಗ್ಗಿಸುತ್ತದೆ. ಬಟ್ಟಲಿನಂತೆ ಆಳವಿರುವ ಮುಚ್ಚಳದ ಮಾದರಿಗಳು ಚಿಮ್ಮಿದ್ದನ್ನು ಮುಚ್ಚಳದಲ್ಲೇ ಹಿಡಿಯುತ್ತವೆ, ಕಾರಣವನ್ನೇನೂ ಸರಿಪಡಿಸುವುದಿಲ್ಲ. ಹೀಗೆ ಚಿಮ್ಮಿದ ದಿನ ನಳಿಗೆಯೊಳಗೆ ಬೇಳೆ ಒಣಗಿ ಕೂರುತ್ತದೆ. ಅಂದೇ ಪಿನ್ನು ಹಾಕಿ ತೆಗೆದು, ನಲ್ಲಿಯ ಕೆಳಗೆ ಹಿಡಿದು ನೀರು ಸಲೀಸಾಗಿ ಇಳಿಯುತ್ತದೆಯೇ ನೋಡಿ.

ಸೇಫ್ಟಿ ವಾಲ್ವ್ ಹೋಯಿತು ಎಂದರೆ ಹೆಚ್ಚಿನ ಸಲ ತಳದ ನೀರು ಬತ್ತಿದೆ ಎಂದರ್ಥ. ಅದರ ನಡುವಿನ ಮೆದು ಲೋಹ ಕಡಿಮೆ ಶಾಖಕ್ಕೇ ಕರಗುವಂಥದ್ದು, ಕರಗಿ ತನ್ನ ಕೆಲಸ ಮಾಡಿದೆ. ಜೋರು ಉರಿಯಲ್ಲಿ ಹತ್ತು ಹನ್ನೆರಡು ಕೂಗು ಕೂಗಿಸಿದರೆ ಎರಡು ಲೋಟ ನೀರು ಸಾಲದು. ಕಾಳು ಬೇಯಿಸುವ ದಿನ ಮೂರು ಹಾಕಿ. ಕರಗಿದ ವಾಲ್ವಿಗೆ ಸೀಸ ತುಂಬಿ ರಿಪೇರಿ ಮಾಡಿಸಿಕೊಳ್ಳುವವರಿದ್ದಾರೆ. ಅದನ್ನು ಎಂದೂ ಮಾಡಬಾರದು. ಅದೇ ಕಂಪನಿಯ, ಅದೇ ಮಾದರಿಯ ಹೊಸ ವಾಲ್ವ್ ಹಾಕಿ.

ಇಡ್ಲಿಯನ್ನು ಕುಕ್ಕರಿನಲ್ಲಿ ಬೇಯಿಸುವಾಗ ವೆಯ್ಟ್ ಹಾಕಬಾರದು, ಬರೀ ಆವಿ ಸಾಕು. ಕೂಗು ಇಲ್ಲದ ಕಾರಣ ನೀರು ಬತ್ತಿದ್ದು ಗೊತ್ತಾಗುವುದಿಲ್ಲ, 12 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ.

ಹಳೆಯದನ್ನು ಕೊಡುವಾಗ

ಪಾತ್ರೆ ಅಂಗಡಿಗಳಲ್ಲಿ ಹಳೆ ಕುಕ್ಕರ್ ಕೊಟ್ಟರೆ ಬೆಲೆಯಲ್ಲಿ ಮುರಿದುಕೊಳ್ಳುವ ರೂಢಿ ಇದೆ. ತಳ ಹೊರಕ್ಕೆ ಉಬ್ಬಿದ, ಅಂಚಿನ ಕಚ್ಚು ಸವೆದು ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರುವ, ಒಳಮೈಯಲ್ಲಿ ಬೆರಳಿಗೆ ಸಿಗುವಷ್ಟು ಗುಳಿ ಬಿದ್ದ ಕುಕ್ಕರನ್ನು ಕೊಟ್ಟುಬಿಡಿ. ಕೊಡುವಾಗ ಅದರ ವೆಯ್ಟನ್ನು "ಇರಲಿ" ಎಂದು ತೆಗೆದಿಟ್ಟುಕೊಳ್ಳುವ ಅಭ್ಯಾಸ ಹಲವರಿಗಿದೆ. ಅದೂ ಕುಕ್ಕರಿನ ಜೊತೆಗೇ ಹೋಗಲಿ. ಒಳಗಿನ ಒತ್ತಡವನ್ನು ತೀರ್ಮಾನಿಸುವುದು ವೆಯ್ಟಿನ ತೂಕ ಮತ್ತು ನಳಿಗೆಯ ರಂಧ್ರದ ಅಗಲ, ಎರಡೂ ಸೇರಿ. ಲೆಕ್ಕಕ್ಕೆ, ರಂಧ್ರ 3 ಮಿ.ಮೀ. ಆದರೆ ಸುಮಾರು 70 ಗ್ರಾಂ ತೂಕ ಇಟ್ಟಾಗ ಒತ್ತಡ ಚದರ ಸೆಂ.ಮೀ.ಗೆ 1 ಕೆ.ಜಿ. ಆಗುತ್ತದೆ. ರಂಧ್ರ 3.5 ಮಿ.ಮೀ. ಆದರೆ ಅದಕ್ಕೆ 96 ಗ್ರಾಂ ಬೇಕು. ಆ 96 ಗ್ರಾಮಿನದನ್ನು ತಂದು ಮೊದಲಿನ ಕುಕ್ಕರಿನ ಮೇಲಿಟ್ಟರೆ ಅದು ಕೂಗುವ ಹೊತ್ತಿಗೆ ಒಳಗಿನ ಒತ್ತಡ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಏರಿರುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.